ರಜೆಗೆ ಹೋದವರ ಕೆಲಸ ಯಾರ ಮೇಜಿಗೆ?

ನಮಸ್ಕಾರ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯ ಕೆಲಸ ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಂಪನಿಯೊಂದರಲ್ಲಿ ಸಣ್ಣ ತಂಡದ ಹೊಣೆ ಹೊರಲು ಬರುತ್ತಿರುವ ನೀವು, ಮ್ಯಾನೇಜರ್ ಇನ್ನೂ ಕುಳಿತಿರುವಾಗ ಎದ್ದು ಹೊರಟರೆ ಇಲ್ಲಿ ತಪ್ಪು ತಿಳಿಯುತ್ತಾರೆಯೇ, ಕೈಕೆಳಗಿನವರನ್ನು ಹಿಂಡದೆ ಕೆಲಸ ಮಾಡಿಸುವುದು ಹೇಗೆ ಎಂದು ಕೇಳಿದ್ದೀರಿ. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ದುಡಿದ ನನಗೆ ಈ ಅಳುಕು ಅರ್ಥವಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಯಾರೂ ತಪ್ಪು ತಿಳಿಯುವುದಿಲ್ಲ. ಕೆಲಸದ ಅವಧಿಯನ್ನು ಕುರಿತ 1994ರ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ. ಅಗತ್ಯ ಬಿದ್ದರೆ 10 ಗಂಟೆಯವರೆಗೆ ಮಾಡಿಸಬಹುದು, ಆದರೆ ಆರು ತಿಂಗಳೊಳಗೆ ಸರಾಸರಿ ಮತ್ತೆ 8ಕ್ಕೆ ಬರಬೇಕು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆಗಳ ಬಿಡುವು ಇರಬೇಕು. ರಾತ್ರಿ ಹತ್ತರವರೆಗೆ ಕೂರಿಸಿಕೊಂಡ ತಂಡವನ್ನು ಬೆಳಿಗ್ಗೆ ಏಳಕ್ಕೆ ಕರೆಸಿದರೆ ವಿವರಣೆ ಕೊಡಬೇಕಾದವರು ನೀವೇ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರವೆಲ್ಲ ರಜೆಯ ಅರ್ಜಿಯಲ್ಲಿದೆ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಎಂಬುದು 1995ರಿಂದ ಇರುವ ನಿಯಮ, ಅನೇಕ ಕಂಪನಿಗಳು 30ರ ಸಮೀಪ ಕೊಡುತ್ತವೆ. ರಜೆ ನಮ್ಮ ಕಡೆಯೂ ಸಿಗುತ್ತದೆ. ಆದರೆ ಕುರುಡುಮಲೆ ಗಣಪನ ಮುಂದೆ ಕೈಮುಗಿದು ನಿಂತಾಗಲೂ ಲೈನ್ ನಿಂತಿತೆಂಬ ಫೋನ್ ಬರುತ್ತದೆ, ಏಕೆಂದರೆ ಆ ಮೆಷಿನ್ನಿನ ಮರ್ಮ ಬಲ್ಲವನು ಒಬ್ಬನೇ. ನಾನು ದುಡಿದ ಇಲ್ಲಿನ ಕಚೇರಿಗಳಲ್ಲೆಲ್ಲ ರಜೆ ಬರೆಯುವಾಗಲೇ ಬದಲಿ ಕೆಲಸಗಾರರ ಹೆಸರನ್ನೂ ಬರೆಯಬೇಕಿತ್ತು. ಹೋಗುವ ಮುನ್ನ ಅವರ ಜೊತೆ ಕುಳಿತು ಕೆಲಸ ಒಪ್ಪಿಸಿ, ಬಂದ ಮೇಲ್‌ಗಳಿಗೆಲ್ಲ ಅವರ ಹೆಸರೇ ಉತ್ತರವಾಗಿ ಹೋಗುವಂತೆ ಮಾಡಿಟ್ಟು ಹೊರಡುತ್ತಿದ್ದೆವು. ಹಾಗಾಗಿ ನಿಮ್ಮ ತಂಡದಲ್ಲಿ ಯಾವ ಕೆಲಸ ಒಬ್ಬರಿಗೆ ಮಾತ್ರ ಗೊತ್ತು ಎಂಬುದನ್ನು ಮೊದಲ ತಿಂಗಳಲ್ಲೇ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ತಯಾರು ಮಾಡಿ. ಆಮೇಲೆ ನಿಮ್ಮ ರಜೆಯನ್ನೇ ಎಲ್ಲರಿಗಿಂತ ಮೊದಲು ಕ್ಯಾಲೆಂಡರಿಗೆ ಹಾಕಿ, ಹೋದ ಮೇಲೆ ಫೋನ್ ಎತ್ತಬೇಡಿ. ಮುಖ್ಯಸ್ಥರು ರಜೆಯಲ್ಲೂ ಮೇಲ್ ಕಳಿಸುತ್ತಿದ್ದರೆ, ಆರಾಮವಾಗಿ ಇದ್ದುಬನ್ನಿ ಎಂಬ ಅವರ ಮಾತನ್ನು ಯಾರೂ ನಂಬುವುದಿಲ್ಲ.

ಕಾಯಿಲೆಯ ವಿಷಯದಲ್ಲಿ ನಮ್ಮವರಿಗೆ ಕಷ್ಟವಾಗುವುದು ಬೇರೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ, ಕಾಯಿಲೆ ಬಿದ್ದರೆ ಆರು ವಾರಗಳವರೆಗೆ ಕಂಪನಿ ಪೂರ್ತಿ ಸಂಬಳ ಕೊಡುತ್ತದೆ. ಮೂರು ದಿನಕ್ಕಿಂತ ಹೆಚ್ಚಾದರೆ ಡಾಕ್ಟರ ಪ್ರಮಾಣಪತ್ರ ಬೇಕು, ಆದರೆ ಕಂಪನಿಗೆ ತಿಳಿಯುವ ವಿವರದಲ್ಲಿ ಕಾಯಿಲೆಯ ಹೆಸರು ಇರುವುದಿಲ್ಲ. ರಜೆಯಲ್ಲಿ ಜ್ವರ ಬಂದರೂ ಪ್ರಮಾಣಪತ್ರವಿದ್ದಲ್ಲಿ ಆ ದಿನಗಳು ರಜೆಯ ಲೆಕ್ಕಕ್ಕೆ ಸೇರುವುದಿಲ್ಲ. ‘ಏನಾಯಿತು, ಯಾವ ಡಾಕ್ಟರಿಗೆ ತೋರಿಸಿದಿರಿ’ ಎಂದು ನಾವು ಅಕ್ಕರೆಯಿಂದ ಕೇಳುತ್ತೇವೆ. ಇಲ್ಲಿ ಮುಖ್ಯಸ್ಥರು ಹಾಗೆ ಕೇಳಿದರೆ ಅದು ವಿಚಾರಣೆಯಾಗುತ್ತದೆ. ‘ಬೇಗ ಗುಣವಾಗಲಿ’ ಎಂದು ಹೇಳಿ ಸುಮ್ಮನಾಗಿ.

ಕೆಲಸ ಮೈಗಿಳಿಯುತ್ತದೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಕೆಜಿಎಫ್ ಗಣಿಯ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದದ್ದನ್ನು ಬಲ್ಲೆವು. ಮನಸ್ಸಿನ ಮೇಲಿನ ಹೊರೆಯನ್ನೂ ಅಂಥದ್ದೇ ಅಪಾಯವೆಂದು ಪರಿಶೀಲಿಸಬೇಕೆಂದು ಜರ್ಮನಿಯ ಕಾನೂನು 2013ರಿಂದ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ತಂಡಕ್ಕೆ ಆ ಪರಿಶೀಲನೆ ಯಾವಾಗ ನಡೆಯಿತೆಂದು ಕೇಳಿ ನೋಡಿ. ಯೋಗದ ತರಗತಿ, ಉಚಿತ ಹಣ್ಣಿನ ಬುಟ್ಟಿಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನೌಕರರು ಚುನಾಯಿಸಿದ ಮಂಡಳಿ ಕಂಪನಿಯಲ್ಲಿದ್ದರೆ ಓವರ್‌ಟೈಮ್ ಮಾಡಿಸಲು ಅದರ ಒಪ್ಪಿಗೆಯೂ ಬೇಕು. ಅವರನ್ನು ಎದುರಾಳಿಗಳೆಂದು ಎಣಿಸದೆ ಮೊದಲ ವಾರದಲ್ಲೇ ಭೇಟಿಯಾಗಿ.

ಇಷ್ಟೆಲ್ಲ ಇದ್ದರೂ, ಊಟವಾಯಿತೇ ಎಂದು ಕೇಳುವವರಿಲ್ಲದ ಕಚೇರಿ ಮೊದಲ ಚಳಿಗಾಲದಲ್ಲಿ ಬಿಕೋ ಎನ್ನಿಸುತ್ತದೆ. ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ತಂಗಿಯ ಮದುವೆ ಬೇಸಗೆಯಲ್ಲಿ ಎಂದು ಬರೆದಿದ್ದೀರಿ. ವರ್ಷದ ಪೂರ್ತಿ ರಜೆಯ ಹಕ್ಕು ಸಿಗುವುದು ಸೇರಿದ ಆರು ತಿಂಗಳ ನಂತರ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಮದುವೆಯ ದಿನಾಂಕಗಳನ್ನು ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.