ಬಸ್ಸು ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವುದು ಯಾರು?

ನಿಮ್ಮ ಪ್ರಶ್ನೆ ಇಷ್ಟು: 9ನೇ ತರಗತಿಯ ಮಗಳು "ಬಸ್ಸು ಗಕ್ಕನೆ ನಿಂತಾಗ ನಮ್ಮನ್ನು ಮುಂದಕ್ಕೆ ತಳ್ಳುವ ಬಲ ಯಾವುದು" ಅಂತ ಕೇಳಿದಳು, ನೀವು "ಜಡತ್ವದ ಬಲ" ಅಂದಿರಿ, ಅವಳು ಹಾಗೇ ಬರೆದಳು, ಟೀಚರ್ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ ಕಳಿಸಿದರು. ಈಗ ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆ ಇಲ್ಲ. ಟೀಚರ್ ಸರಿಯಾಗೇ ತಪ್ಪು ಹಾಕಿದ್ದಾರೆ. ಆದರೆ ಬೇಜಾರು ಮಾಡಿಕೊಳ್ಳಬೇಡಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ಸೇರಿದ ಮೊದಲ ವರ್ಷ ಇದೇ ತಪ್ಪನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಉತ್ತರ ಏನಪ್ಪಾ ಅಂದರೆ, ಯಾರೂ ತಳ್ಳುವುದಿಲ್ಲ. ಮುಂದಕ್ಕೆ ತಳ್ಳುವ ಬಲ ಅಲ್ಲಿ ಒಂದೂ ಇಲ್ಲ.

ಅವತ್ತು ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು "ಸಾರ್, ಆ ಬಲ ಕೊಟ್ಟವರು ಯಾರು?" ಅಂದಳು. ಜಡತ್ವ ಅಂದೆ. "ಜಡತ್ವ ಎಲ್ಲಿದೆ ಸಾರ್, ಸೀಟಿನಲ್ಲಾ, ಬಸ್ಸಿನ ಹಿಂದಾ?" ಕ್ಲಾಸೆಲ್ಲ ನಕ್ಕಿತು. ನಾನೂ ಸುಮ್ನೆ ನಕ್ಕೆ, ಆದರೆ ಉತ್ತರ ನನ್ನ ಹತ್ತಿರ ಇರಲಿಲ್ಲ. ರಾತ್ರಿ ಮನೆಗೆ ಹೋಗಿ ಯೋಚನೆ ಮಾಡಿದ ಮೇಲೆ ಗೊತ್ತಾಯಿತು, ಆ ಹುಡುಗಿ ಕೇಳಿದ್ದೇ ಈ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ. ಬಲ ಅಂದರೆ ಒಂದು ವಸ್ತು ಇನ್ನೊಂದಕ್ಕೆ ಕೊಡುವುದು. ಕೈ ಬಾಗಿಲಿಗೆ ಕೊಡುತ್ತದೆ, ರಸ್ತೆ ಟೈರಿಗೆ ಕೊಡುತ್ತದೆ, ಭೂಮಿ ಮಾವಿನಕಾಯಿಗೆ ಕೊಡುತ್ತದೆ. ಕೊಟ್ಟವರನ್ನು ಬೆರಳು ಮಾಡಿ ತೋರಿಸಲು ಆಗದಿದ್ದರೆ ಆ ಬಲ ನಾವು ಕಟ್ಟಿಕೊಂಡ ಕಥೆ. ಜಡತ್ವ ಒಂದು ಗುಣ ಅಷ್ಟೇ: ವಸ್ತು ಇದ್ದ ಹಾಗೇ ಇರುತ್ತದೆ, ನಿಂತಿದ್ದರೆ ನಿಂತೇ ಇರುತ್ತದೆ, ಹೋಗುತ್ತಿದ್ದರೆ ಅದೇ ದಿಕ್ಕಿಗೆ ಅದೇ ಸ್ಪೀಡಿನಲ್ಲಿ ಹೋಗುತ್ತಲೇ ಇರುತ್ತದೆ, ಯಾರಾದರೂ ತಡೆಯುವವರೆಗೆ. ಅದು ಯಾರನ್ನೂ ತಳ್ಳುವುದಿಲ್ಲ.

ಇದು ನನಗೆ ಪೂರ್ತಿ ಅರ್ಥವಾಗಿದ್ದು ಒಂದು ತೆಂಗಿನಕಾಯಿಯಿಂದ. ತಿಪಟೂರಿನಿಂದ ಅರಸೀಕೆರೆ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುಂದೆ ಒಬ್ಬರು ಅಜ್ಜಿ ಗೋಣಿಚೀಲದ ತುಂಬ ಸುಲಿದ ಕಾಯಿ ಇಟ್ಟುಕೊಂಡಿದ್ದರು, ಚೀಲದ ಬಾಯಿ ಕಟ್ಟಿದ್ದ ದಾರ ಸಡಿಲವಾಗಿ ಒಂದು ಕಾಯಿ ಹೊರಗೆ ಬಂತು. ಬಸ್ಸು ಹೊರಟಾಗ ಅದು ಉರುಳಿಕೊಂಡು ಹಿಂದೆ ನನ್ನ ಕಾಲ ಹತ್ತಿರ ಬಂತು. ಯಾವುದೋ ಹಳ್ಳಿ ಗೇಟಿನಲ್ಲಿ ದನ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದರು, ಕಾಯಿ ಡ್ರೈವರ್ ಕಡೆ ಓಡಿತು. ಬಸ್ಸು ಎಡಕ್ಕೆ ತಿರುಗಿತು, ಕಾಯಿ ಬಲಗಡೆ ಸೀಟಿನ ಕೆಳಗೆ ಹೋಗಿ ಸೇರಿತು. ಬಸ್ಸಿನೊಳಗೆ ಕೂತವರಿಗೆ ಕಾಯಿಗೆ ದೆವ್ವ ಹಿಡಿದ ಹಾಗೆ ಕಾಣುತ್ತದೆ, ಯಾರೂ ಮುಟ್ಟದೆ ಹಿಂದೆ ಮುಂದೆ ಓಡುತ್ತಿದೆ.

ಈಗ ಇದನ್ನೇ ರಸ್ತೆ ಬದಿ ನಿಂತವರ ಕಣ್ಣಿನಿಂದ ನೋಡಿ. ಬಸ್ಸಿಗೆ ಗಾಜಿನ ಗೋಡೆ ಇದೆ ಅಂತ ಇಟ್ಟುಕೊಳ್ಳಿ. ಬಸ್ಸು ಗಂಟೆಗೆ 36 ಕಿಲೋಮೀಟರ್ ಸ್ಪೀಡಿನಲ್ಲಿ ಹೋಗುತ್ತಿದೆ ಅಂದರೆ ಒಳಗಿನ ಕಾಯಿಯೂ 36ರಲ್ಲೇ ಹೋಗುತ್ತಿದೆ, ಅಜ್ಜಿಯೂ 36, ನಾನೂ 36. ಬ್ರೇಕ್ ಬಿತ್ತು, ಬಸ್ಸು 20ಕ್ಕೆ ಇಳಿಯಿತು. ಕಾಯಿಯನ್ನು ಯಾರೂ ಹಿಡಿದಿಲ್ಲ, ಅದು ಹೆಚ್ಚುಕಡಿಮೆ 36ರಲ್ಲೇ ಮುಂದುವರಿಯಿತು (ಬಸ್ಸಿನ ನೆಲ ತಿಕ್ಕಿ ಸ್ವಲ್ಪ ಕಡಿಮೆ ಮಾಡುತ್ತದೆ, ಅದು ಇರಲಿ). ನಿಧಾನ ಆದದ್ದು ಬಸ್ಸು, ಕಾಯಿ ಅಲ್ಲ. ನಾವು ಬಸ್ಸಿನ ಜೊತೆ ನಿಧಾನ ಆದವರು, ಹಾಗಾಗಿ ನಮಗೆ ಕಾಯಿ ಮುಂದಕ್ಕೆ ಹಾರಿದ ಹಾಗೆ ಕಾಣುತ್ತದೆ.

ನಿಂತುಕೊಂಡಿರುವ ನಿಮ್ಮ ಮಗಳೂ ಅದೇ ತೆಂಗಿನಕಾಯಿ. ವ್ಯತ್ಯಾಸ ಅಂದರೆ ಅವಳ ಪಾದ ನೆಲಕ್ಕೆ ಅಂಟಿಕೊಂಡಿದೆ. ನೆಲ ಘರ್ಷಣೆಯಿಂದ ಪಾದವನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ. ಮೇಲಿನ ಮೈಗೆ ಆ ಸುದ್ದಿ ತಲುಪಿರುವುದಿಲ್ಲ, ಅದು ಹೋಗುತ್ತಲೇ ಇರುತ್ತದೆ. ಕಾಲು ನಿಂತು ಮೈ ಹೋದರೆ ಮುಗ್ಗರಿಸದೆ ಇನ್ನೇನು? ಆ ಹೊತ್ತಿನಲ್ಲಿ ಅವಳ ಮೇಲೆ ಅಡ್ಡಡ್ಡ ಬೀಳುವ ಬಲ ಇರುವುದೇ ಹಿಂದಕ್ಕೆ, ಪಾದದ ಹತ್ತಿರ ನೆಲ ಕೊಟ್ಟದ್ದು, ಕೈಯ ಹತ್ತಿರ ಕಂಬಿ ಕೊಟ್ಟದ್ದು. ಮುಂದಕ್ಕೆ ಬಿದ್ದೆ ಅನ್ನಿಸುವಾಗ ಬಲ ಹಿಂದಕ್ಕಿದೆ ಅಂದರೆ ಮಕ್ಕಳು ನಂಬುವುದಿಲ್ಲ. ಕಂಬಿ ಹಿಡಿದ ಕೈ ಯಾವ ಕಡೆಗೆ ಎಳೆಯಿತು ಅಂತ ಕೇಳಿ, ಆಗ ಒಪ್ಪುತ್ತಾರೆ.

ಲೆಕ್ಕ ಬೇಕು ಅನ್ನುವವರಿಗೆ. ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು, 36 ಇದ್ದದ್ದು 10 ಆಗುತ್ತದೆ. ಬಸ್ಸು 2 ಸೆಕೆಂಡಿನಲ್ಲಿ ನಿಂತಿತು ಅಂದರೆ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಕಳೆದುಕೊಂಡಿತು. ಮಗಳು 40 ಕೆಜಿ ಇದ್ದರೆ ಅವಳನ್ನು ಬಸ್ಸಿನ ಜೊತೆಗೇ ನಿಲ್ಲಿಸಲು 40 ಗುಣಿಸು 5, ಅಂದರೆ 200 ನ್ಯೂಟನ್ ಬಲ ಹಿಂದಕ್ಕೆ ಬೇಕು. 20 ಕೆಜಿ ಅಕ್ಕಿ ಮೂಟೆಯನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು. ಕಾಲು ಒಂದಿಷ್ಟು, ಕಂಬಿ ಒಂದಿಷ್ಟು ಕೊಟ್ಟರೆ ನಿಭಾಯಿಸಬಹುದು. ಈಗ ಅದೇ 36ರಲ್ಲಿ ಹೋಗುವ ಕಾರು ಮರಕ್ಕೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ, ಬೇಕಾದ ಬಲ 4000 ನ್ಯೂಟನ್, ಸುಮಾರು 400 ಕೆಜಿ ಭಾರಕ್ಕೆ ಸಮ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು "ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ, ಅದು 10 ಕೆಜಿ ಕೂಸಾದರೂ 100 ಕೆಜಿ ಭಾರ ಹಿಡಿದ ಹಾಗೆ ಆಗುತ್ತದೆ. ಯಾರ ಕೈಯಲ್ಲೂ ಆಗದ ಮಾತು. ಆ ಬಲವನ್ನು ಬೆಲ್ಟು ಕೊಡಬೇಕು, ಇಲ್ಲದಿದ್ದರೆ ಮುಂದಿನ ಗಾಜು ಕೊಡುತ್ತದೆ.

ನಾನು ಮೇಲೆ ಸ್ಪೀಡ್, ವೇಗ ಎಲ್ಲ ಕಲಸಿ ಬರೆದಿದ್ದೇನೆ, ಪರೀಕ್ಷೆಯಲ್ಲಿ ಹಾಗೆ ಬರೆಯಬಾರದು. ಪುಸ್ತಕದಲ್ಲಿ ಸ್ಪೀಡಿಗೆ ಜವ ಅಂತಾರೆ, ದಿಕ್ಕೂ ಸೇರಿದರೆ ವೇಗ. ಮನೆಯಲ್ಲಿ ಜವ ಅಂತ ಯಾರೂ ಮಾತಾಡುವುದಿಲ್ಲ, ಅದಕ್ಕೇ ಮಕ್ಕಳಿಗೆ ಗೊಂದಲ. ಆದರೆ ಈ ವ್ಯತ್ಯಾಸ ತಿರುವಿನಲ್ಲಿ ಕೆಲಸಕ್ಕೆ ಬರುತ್ತದೆ: ಸ್ಪೀಡೋಮೀಟರ್ ಮುಳ್ಳು 40ರಲ್ಲೇ ನಿಂತಿದ್ದರೂ ಬಸ್ಸು ತಿರುಗುವಾಗ ದಿಕ್ಕು ಬದಲಾಗುತ್ತದೆ, ಅಂದರೆ ವೇಗ ಬದಲಾಯಿತು, ಅಂದರೆ ಬಲ ಬೇಕು. ಎಡಕ್ಕೆ ತಿರುಗುವ ಬಸ್ಸಿಗೆ ಎಡಕ್ಕೆ ಬಲ ಕೊಡುವುದು ರಸ್ತೆ. ನಿಮಗೆ ಕೊಡುವುದು ಸೀಟು, ಅದೂ ಸಾಲದಿದ್ದರೆ ಬಲಗಡೆಯ ಕಿಟಕಿ. ನನ್ನನ್ನು ಬಲಕ್ಕೆ ಎಸೆಯಿತು ಅನ್ನಿಸುತ್ತದೆ, ಎಸೆದವರು ಯಾರು ಅಂತ ಹುಡುಕಿದರೆ ಸಿಗುವುದಿಲ್ಲ. ನೀವು ನೇರ ಹೋಗುತ್ತಿದ್ದಿರಿ, ಬಸ್ಸು ಎಡಕ್ಕೆ ಬಂದು ನಿಮಗೆ ಗುದ್ದಿತು.

ಒಂದು ಮಾತು ಇಲ್ಲಿ ಹೇಳದಿದ್ದರೆ ಯಾರಾದರೂ ಇಂಜಿನಿಯರ್ ಬಂದು ಕಾಮೆಂಟಿನಲ್ಲಿ ಜಗಳ ತೆಗೆಯುತ್ತಾರೆ. ಬಸ್ಸಿನೊಳಗೇ ಕೂತು, ಬಸ್ಸೇ ನಿಂತಿದೆ ಅಂತ ಇಟ್ಟುಕೊಂಡು ಲೆಕ್ಕ ಮಾಡುವ ಪದ್ಧತಿಯೂ ಇದೆ. ಆಗ ಲೆಕ್ಕ ತಾಳೆಯಾಗಲು ಮುಂದಕ್ಕೆ ಒಂದು ಬಲ ಸೇರಿಸಬೇಕಾಗುತ್ತದೆ, ಅದಕ್ಕೆ ಮಿಥ್ಯಾ ಬಲ ಅಂತಲೇ ಹೆಸರು. ಪಿಯುಸಿಗೆ ಹೋದ ಮೇಲೆ ಅದನ್ನು ನೋಡಿಕೊಂಡರೆ ಸಾಕು. 9ನೇ ತರಗತಿಯವರು ರಸ್ತೆ ಬದಿಯೇ ನಿಂತು ನೋಡಲಿ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ ನಮ್ಮ ಅನುಭವ ಉಲ್ಟಾ ಪಾಠ ಹೇಳಿಕೊಟ್ಟಿದೆ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ, ಪೆಡಲ್ ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಹಾಗಾದರೆ ಓಡಲು ಬಲ ಬೇಕು, ಬಲ ಹೋದರೆ ನಿಲ್ಲುತ್ತದೆ ಅಂತ ಯಾರಿಗಾದರೂ ಅನ್ನಿಸಲೇಬೇಕು. ಗ್ರೀಸಿನ ಅರಿಸ್ಟಾಟಲ್‌ಗೂ ಹಾಗೇ ಅನ್ನಿಸಿತ್ತು. ಇಟಲಿಯ ಗೆಲಿಲಿಯೋ ಇಳಿಜಾರಿನಲ್ಲಿ ಗುಂಡು ಉರುಳಿಸಿ ನೋಡುವ ತನಕ, ಸುಮಾರು ಎರಡು ಸಾವಿರ ವರ್ಷ, ಆ ಮಾತೇ ಹೆಚ್ಚಾಗಿ ನಡೆಯಿತು. ತಡೆಯುವವರಿಲ್ಲದಿದ್ದರೆ ಹೋಗುವ ವಸ್ತು ಹೋಗುತ್ತಲೇ ಇರುತ್ತದೆ ಅನ್ನುವುದನ್ನು 1687ರಲ್ಲಿ ನ್ಯೂಟನ್ ನಿಯಮ ಮಾಡಿ ಬರೆದರು. ಹಾಗಾಗಿ ನೀವು ಒಂದು ಸಂಜೆ ಎಡವಿದ್ದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಕೇರಂ ಆಡುವವರಿಗೆ ಇದು ಬೇಗ ಹೊಳೆಯುತ್ತದೆ. ಸ್ಟ್ರೈಕರ್ ಬೆರಳು ಬಿಟ್ಟ ಮೇಲೆ ಅದನ್ನು ಯಾರೂ ತಳ್ಳುತ್ತಿಲ್ಲ, ಆದರೂ ಹೋಗುತ್ತದೆ. ಪೌಡರ್ ಹಾಕಿದರೆ ಇನ್ನೂ ದೂರ ಹೋಗುತ್ತದೆ. ಪೌಡರ್ ಏನು ತಳ್ಳುತ್ತದಾ? ಇಲ್ಲ, ತಡೆಯುವವನನ್ನು ಸ್ವಲ್ಪ ದೂರ ಇಡುತ್ತದೆ, ಅಷ್ಟೇ.

ತಡೆಯಲು ಬೋರ್ಡೂ ಇಲ್ಲ, ಗಾಳಿಯೂ ಇಲ್ಲ ಅಂದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಚಂದ್ರಯಾನ-3 ಇದೆ. 2023ರ ಆಗಸ್ಟ್ 1ಕ್ಕೆ ಅದು ಭೂಮಿಯ ಸುತ್ತು ಬಿಟ್ಟು ಹೊರಟಿತು, 5ಕ್ಕೆ ಚಂದ್ರನ ಕಕ್ಷೆ ಸೇರಿತು. ಆ ದಾರಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಇಂಜಿನ್ ಬಂದ್. ಹಿಂದಕ್ಕೆ ಭೂಮಿ ಎಳೆಯುತ್ತಿದ್ದರಿಂದ ಸ್ಪೀಡು ಕಡಿಮೆಯಾಗುತ್ತಾ ಬಂತು, ಆದರೆ ತಳ್ಳುವವರಿಲ್ಲ ಅಂತ ಅದು ನಿಲ್ಲಲಿಲ್ಲ. ಕಷ್ಟ ಇದ್ದದ್ದು ಓಡಿಸುವುದರಲ್ಲಿ ಅಲ್ಲ, ನಿಲ್ಲಿಸುವುದರಲ್ಲಿ! ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಇಳಿಯಲು ಶುರುಮಾಡಿದಾಗ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ಸ್ಪೀಡಿನಲ್ಲಿ ಇತ್ತು. ಅಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ಬಿಚ್ಚಿದರೂ ಪ್ರಯೋಜನ ಇಲ್ಲ, ಹಿಡಿದುಕೊಳ್ಳಲು ಕಂಬಿ ಅಂತೂ ಇಲ್ಲ. ಹಾಗಾಗಿ ಬ್ರೇಕಿಗೆ ಬೇಕಾದ ಬಲವನ್ನು ತಾನೇ ಹೊತ್ತುಕೊಂಡು ಹೋಗಿತ್ತು, ತಲಾ 800 ನ್ಯೂಟನ್‌ನ 4 ಇಂಜಿನ್. ಅವು ಬಿಸಿ ಗ್ಯಾಸನ್ನು ಹೋಗುವ ದಿಕ್ಕಿಗೇ ಉಗುಳಿದವು, ಗ್ಯಾಸ್ ಲ್ಯಾಂಡರನ್ನು ಹಿಂದಕ್ಕೆ ತಳ್ಳಿತು. ಬೆಂಗಳೂರಿನ ಪೀಣ್ಯದ ಕಡೆಯ ಇಸ್ರೋ ಕೇಂದ್ರದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದು ಸುಮಾರು 19 ನಿಮಿಷದ ಈ ಬ್ರೇಕಿಗಾಗಿ.

ಮಗಳು ಮುಂದೆ ಇನ್ನೊಂದು ಕಡೆ ಎಡವಬಹುದು, ಈಗಲೇ ಹೇಳಿಬಿಡುತ್ತೇನೆ. ಚೆಂಡನ್ನು ಮೇಲಕ್ಕೆ ಎಸೆದಾಗ, ಅದು ಇನ್ನೂ ಏರುತ್ತಿರುವಾಗ ಅದರ ಮೇಲಿನ ಬಲಗಳನ್ನು ಬಾಣ ಹಾಕಿ ತೋರಿಸಿ ಅಂದರೆ ಹತ್ತರಲ್ಲಿ ಎಂಟು ಮಕ್ಕಳು ನನ್ನ ಕ್ಲಾಸಿನಲ್ಲಿ ಮೇಲಕ್ಕೊಂದು ಬಾಣ ಹಾಕಿಯೇ ಹಾಕುತ್ತಾರೆ. ಕೊಟ್ಟವರು ಯಾರು ಅಂತ ಕೇಳಿದರೆ "ಕೈ ಸಾರ್". ಕೈ ಈಗ ಎಲ್ಲಿದೆ? ಕೆಳಗಿದೆ. ಅಷ್ಟು ದೂರದಿಂದ ತಳ್ಳಲು ಅದೇನು ಮಂತ್ರವಾ? ಕೈ ಬಿಟ್ಟ ಕ್ಷಣದಿಂದ ಗಾಳಿಯ ಅಲ್ಪ ತಡೆ ಬಿಟ್ಟರೆ ಬಾಣ ಒಂದೇ, ಕೆಳಕ್ಕೆ, ಭೂಮಿ ಕೊಟ್ಟದ್ದು. ತುದಿಯಲ್ಲಿ ಚೆಂಡು ಒಂದು ಕ್ಷಣ ನಿಂತಾಗಲೂ ಆ ಬಾಣ ಅಳಿಸಬಾರದು. ಅಲ್ಲಿ ವೇಗ ಸೊನ್ನೆ, ಬಲ ಸೊನ್ನೆ ಅಲ್ಲ. ಬಲವೂ ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ತೂಗಾಡಿಕೊಂಡು ನಿಂತಿರಬೇಕಿತ್ತು, ಅಲ್ವಾ?

ಪರೀಕ್ಷೆಗೆ ಹೀಗೆ ಬರೆದರೆ ಸಾಕು: "ಬಸ್ಸು ನಿಂತಾಗ ಪ್ರಯಾಣಿಕನ ಪಾದ ಬಸ್ಸಿನ ಜೊತೆ ನಿಲ್ಲುತ್ತದೆ, ದೇಹದ ಮೇಲ್ಭಾಗ ಜಡತ್ವದಿಂದ ಚಲನೆಯಲ್ಲೇ ಇರುತ್ತದೆ, ಹಾಗಾಗಿ ಅವನು ಮುಂದಕ್ಕೆ ಬಾಗುತ್ತಾನೆ." ಜಡತ್ವದಿಂದ ಅಂತ ಬರೆಯಬಹುದು, ಜಡತ್ವದ ಬಲದಿಂದ ಅಂತ ಬರೆಯಬಾರದು. ನಿಮ್ಮ ಮಾನ ಹೋದದ್ದು ಆ ಒಂದು ಪದಕ್ಕೆ.

ಮಾನ ವಾಪಸ್ ತೆಗೆದುಕೊಳ್ಳಲು ಒಂದು ಉಪಾಯ ಇದೆ. ನೀರಿನ ಬಾಟಲಿಯನ್ನು ಕುತ್ತಿಗೆವರೆಗೆ ತುಂಬಿ, ಒಳಗೆ ಒಂದು ಸಣ್ಣ ಗುಳ್ಳೆ ಉಳಿಯುವ ಹಾಗೆ ಮುಚ್ಚಿ, ಬಸ್ಸಿನಲ್ಲಿ ತೊಡೆ ಮೇಲೆ ಉದ್ದಕ್ಕೆ, ಬಾಯಿ ಡ್ರೈವರ್ ಕಡೆ ಬರುವಂತೆ ಮಲಗಿಸಿಕೊಳ್ಳಿ. ಬ್ರೇಕ್ ಹಾಕಿದರೆ ಗುಳ್ಳೆ ಯಾವ ಕಡೆ ಹೋಗುತ್ತದೆ ಅಂತ ಮಗಳನ್ನು ಮೊದಲೇ ಕೇಳಿ. ಮುಂದಕ್ಕೆ ಅನ್ನುತ್ತಾಳೆ. ಅದು ಹಿಂದಕ್ಕೆ ಓಡುತ್ತದೆ, ಯಾಕೆಂದರೆ ಭಾರ ಜಾಸ್ತಿ ಇರುವ ನೀರು ಮುಂದೆ ನುಗ್ಗಿ ಗುಳ್ಳೆಯ ಜಾಗ ಕಿತ್ತುಕೊಳ್ಳುತ್ತದೆ. ಗುಳ್ಳೆಯನ್ನು ಹಿಂದಕ್ಕೆ ತಳ್ಳಿದವರು ಯಾರು ಅಂತ ಅವಳೇ ಹೇಳಲಿ, ನೀವು ಬಾಯಿ ಬಿಡಬೇಡಿ.