ಕಲಿಸಿದವರೇ ಮಾತು ಕೇಳ್ತಿಲ್ಲ!

ಪ್ರಶ್ನೆ: ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಈಚೆಗೆ ಶಿಫ್ಟ್ ಸೂಪರ್‌ವೈಸರ್ ಆದೆ. ನನಗೆ ಕೆಲಸ ಕಲಿಸಿದವರೇ ಈಗ ನನ್ನ ಕೈಕೆಳಗಿದ್ದಾರೆ. ಏನು ಹೇಳಿದರೂ ‘ಆಯ್ತು ಮೇಡಂ’ ಅಂತ ನಗುತ್ತಾರೆ, ಮಾಡುವುದಿಲ್ಲ. ಮುಂದೆ ಮ್ಯಾನೇಜರ್ ಆಗುವ ಆಸೆಯಿದೆ. ಏನು ಮಾಡಲಿ?
– ಓದುಗಿ, ಮೈಸೂರು

ಉತ್ತರ: ಆ ‘ಮೇಡಂ’ನಲ್ಲಿ ಸ್ವಲ್ಪ ಕುಟುಕಿದೆ, ಅಲ್ವಾ? ಇರಲಿ ಬಿಡಮ್ಮ. ಎಲ್ಲರೆದುರು ತಿದ್ದಲು ಹೋಗಬೇಡಿ. ಟೀ ಹೊತ್ತಿನಲ್ಲಿ ಅವರಲ್ಲಿ ಹಿರಿಯರೊಬ್ಬರ ಹತ್ತಿರ ಕೂತು, ‘ಅಣ್ಣಾ, ಈ ಮೆಷಿನ್ ಪದೇ ಪದೇ ಯಾಕೆ ನಿಲ್ಲುತ್ತೆ?’ ಅಂತ ಕೇಳಿ. ಹೇಳಿದ್ದನ್ನು ಬರೆದುಕೊಳ್ಳಿ. ಮೆಂಟೆನೆನ್ಸ್‌ನವರ ಬೆನ್ನು ಹತ್ತಿ ಅದನ್ನು ಸರಿಮಾಡಿಸಿ. ಶಿಫ್ಟ್ ರಿಜಿಸ್ಟರ್‌ನಲ್ಲಿ ‘ಬೇರಿಂಗ್ ಸದ್ದು ಮೊದಲು ಗುರುತಿಸಿದವರು’ ಅಂತ ಅವರ ಹೆಸರನ್ನೇ ಬರೆಯಿರಿ. ನಾನು ಮಂಡ್ಯದ ಕಡೆ ಮಿಲ್ಲೊಂದರಲ್ಲಿ ಇಂಥವರ ಜೊತೆ ಏಗಿದವಳು. ಹೆಸರು ಬಂದರೆ ಬಿಗುವು ತಾನಾಗಿ ಸಡಿಲುತ್ತದೆ.

ಸುರಕ್ಷತೆಯಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕೈ ಸಿಕ್ಕದಂತೆ ಹಾಕಿರುವ ಗಾರ್ಡ್ ತೆಗೆದು ಮೆಷಿನ್ ಓಡಿಸಿದರೆ, ಅಣ್ಣನೇ ಆಗಲಿ, ನಿಲ್ಲಿಸಿ.

ಇನ್ನು ಮ್ಯಾನೇಜರ್ ಕನಸು. ಡಿಗ್ರಿ ಇದ್ದರೆ ನಿಮ್ಮೂರಿನ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿ. 1996ರಲ್ಲಿ ಶುರುವಾದದ್ದು, ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಂಬಿಎ ಓದಬಹುದು. ಆದರೆ ಸುಮ್ನೆ ಸರ್ಟಿಫಿಕೇಟ್ ಹಿಂದೆ ಓಡಬೇಡಿ. ತಿಂಗಳ ಪ್ರೊಡಕ್ಷನ್ ಪ್ಲಾನ್ ಮಾಡುವಾಗ ಪಕ್ಕದಲ್ಲಿ ಕೂರಲು ಬಿಡಿ ಅಂತ ನಿಮ್ಮ ಮ್ಯಾನೇಜರ್‌ನನ್ನು ಈ ವಾರವೇ ಕೇಳಿ.