‘ಅಮ್ಮ ಬೈಯಲ್ಲ, ಆದ್ರೆ ಮನೆ ಒಂಥರಾ ಆಗತ್ತೆ’

ಪ್ರಶ್ನೆ: ನನಗೆ 42 ವರ್ಷ. ಎಂ.ಜಿ. ರೋಡ್ ಹತ್ತಿರ ಬ್ಯಾಂಕಿನಲ್ಲಿ ಕೆಲಸ, ಮನೆ ವಿಜಯನಗರ. ನನ್ನ ಅಪ್ಪ ಮಹಾ ಕೋಪಿಷ್ಟರು. ಅವರು ಸ್ಕೂಟರ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಆ ದಿನದ ಮೂಡ್ ನಮಗೆ ತಿಳಿಯುತ್ತಿತ್ತು. ಅದಕ್ಕೇ ನನ್ನ ಮಗನ ಮೇಲೆ ಕೂಗಾಡಬಾರದು ಅಂತ ಮೊದಲೇ ನಿರ್ಧರಿಸಿದ್ದೆ, ಹಾಗೇ ನಡೆದುಕೊಂಡಿದ್ದೇನೆ. ಈಗ ಅವನು ಒಂಬತ್ತನೇ ಕ್ಲಾಸು. ಗಣಿತದಲ್ಲಿ 25ಕ್ಕೆ 6 ಬಂದಿದ್ದನ್ನು ನನ್ನಿಂದ ಮುಚ್ಚಿಟ್ಟು ನನ್ನ ತಂಗಿಗೆ ಹೇಳಿದ್ದಾನೆ. ‘ಅಮ್ಮ ಬೈಯಲ್ಲ ಚಿಕ್ಕಮ್ಮ, ಆದ್ರೆ ಮನೆ ಒಂಥರಾ ಆಗತ್ತೆ’ ಅಂದನಂತೆ. ಯಜಮಾನರನ್ನು ಕೇಳಿದರೆ ‘ನಿಂಗೆ ಗೊತ್ತಾಗಲ್ಲ ಬಿಡು’ ಎಂದು ನಕ್ಕರು. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಧ್ಯಾನ ಮಾಡುವವಳು ನಾನು. ನನ್ನ ಬಗ್ಗೆ ನನಗಿಂತ ಇವರಿಗೇ ಜಾಸ್ತಿ ಗೊತ್ತಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೌದು, ಈ ಒಂದು ವಿಷಯದಲ್ಲಿ ಅವರಿಗೇ ಜಾಸ್ತಿ ಗೊತ್ತು.

ನೀವು ಬೈದಿಲ್ಲ ಅನ್ನೋದನ್ನು ಪೂರ್ತಿ ನಂಬುತ್ತೇನೆ. ಮಗನೂ ಅದನ್ನೇ ಹೇಳಿದ್ದಾನೆ ನೋಡಿ. ಆದರೆ ಬಾಯಿ ಮುಚ್ಚಿಕೊಂಡರೂ ಕೈ ಸುಮ್ಮನಿರುವುದಿಲ್ಲ. ಕುಕ್ಕರಿನ ಮುಚ್ಚಳ ಅಡುಗೆ ಕಟ್ಟೆ ಮೇಲೆ ಬೀಳುವ ಸದ್ದು, ತಟ್ಟೆ ಇಡುವ ಬಿರುಸು, ‘ಊಟಕ್ಕೆ ಬಾರೋ’ ಅನ್ನುವ ಕಡೆ ಬರೀ ‘ಊಟ’. ಸಿಂಕಿನಲ್ಲಿ ಪಾತ್ರೆ ಕುಕ್ಕಿದರೆ ಹಾಲ್‌ನಲ್ಲಿ ಕೂತವರಿಗೆ ಇಡೀ ಭಾಷಣ ಕೇಳಿಸಿರುತ್ತದೆ. ನಿಮ್ಮ ಮನೆಯಲ್ಲಿ ಇದೇ ನಡೆಯುತ್ತದೆ ಅಂತ ಹೇಳುತ್ತಿಲ್ಲ, ನಾನು ಕಂಡವಳಲ್ಲ. ನನ್ನದು ಹೇಳುತ್ತೇನೆ: ಸಿಟ್ಟು ಬಂದರೆ ನಾನು ಬೀರುವಿನ ಬಟ್ಟೆಯೆಲ್ಲ ಕೆಳಗೆ ಹಾಕಿ ಮತ್ತೆ ಮಡಿಸಲು ಕೂರುತ್ತೇನೆ. ಇದು ನನಗೆ ತಿಳಿದಿದ್ದು ಐವತ್ತು ದಾಟಿದ ಮೇಲೆ. ‘ಅಮ್ಮ ಬೀರು ಬಾಗಿಲು ತೆಗೆದ್ರೆ ನಾನೂ ಅಪ್ಪನೂ ಬಾಲ್ಕನಿಗೆ ಹೋಗ್ತಿದ್ವಿ’ ಎಂದು ಮಗಳು ಹೇಳಿದಾಗ. ಅಷ್ಟು ವರ್ಷ ನಾನು ಅದನ್ನು ಅಚ್ಚುಕಟ್ಟುತನ ಅಂದುಕೊಂಡಿದ್ದೆ!

1955ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್, ಇದನ್ನೇ ನಾಲ್ಕು ಮನೆಗಳ ಒಂದು ಕಿಟಕಿಯಂತೆ ಬರೆದು ತೋರಿಸಿದರು. ಇಬ್ಬರ ಹೆಸರನ್ನೂ ಸೇರಿಸಿ ‘ಜೊಹಾರಿ ಕಿಟಕಿ’ ಅಂತಾರೆ. ನನಗೂ ಗೊತ್ತು, ನಿಮಗೂ ಗೊತ್ತು ಅನ್ನುವಂಥದ್ದು ಒಂದು ಮನೆ. ನನಗೆ ಮಾತ್ರ ಗೊತ್ತಿರುವ ಗುಟ್ಟು ಇನ್ನೊಂದು. ಯಾರಿಗೂ ಗೊತ್ತಿಲ್ಲದ್ದು ಮತ್ತೊಂದು. ಉಳಿದದ್ದು ಸುತ್ತಲಿನವರಿಗೆಲ್ಲ ಕಾಣುತ್ತದೆ, ನನಗೆ ಮಾತ್ರ ಕಾಣದು. ಬೆನ್ನಿಗೆ ಹತ್ತಿದ ಸುಣ್ಣದ ಹಾಗೆ. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಅದು ಕಾಣೋದು ಕಷ್ಟ. ಧ್ಯಾನ ಬಿಡಬೇಡಿ, ಒಳ್ಳೆಯದೇ. ಆದರೆ ನಿಮ್ಮ ಮಗ ನೋಡುವುದು ಸಂಜೆ ಏಳೂವರೆಗೆ ಬಾಗಿಲು ತೆಗೆದು ಒಳಗೆ ಬರುವ ಅಮ್ಮನನ್ನು.

ಆ ಸ್ಕೂಟರ್ ಸ್ಟ್ಯಾಂಡಿನ ಸಾಲನ್ನು ನಾನು ಎರಡು ಸಲ ಓದಿದೆ. ಅಪ್ಪ ಬಾಯಿ ತೆರೆಯುವ ಮುಂಚೆಯೇ ನಿಮಗೆ ಗೊತ್ತಾಗುತ್ತಿತ್ತು, ಅಲ್ವಾ? ನಿಮ್ಮ ಮಗನ ಕಿವಿಯೂ ಅಷ್ಟೇ ಚುರುಕು. ನೀವು ಬೀಗದ ಕೈಯನ್ನು ಮೊಳೆಗೆ ತೂಗುಹಾಕುತ್ತೀರೋ, ಮೇಜಿನ ಮೇಲೆ ಎಸೆಯುತ್ತೀರೋ ಅನ್ನೋದರಲ್ಲೇ ಅವನು ಓದಿಕೊಳ್ಳುತ್ತಿರಬಹುದು. ಅಪ್ಪನ ಕೂಗಾಟವನ್ನು ನೀವು ಬಿಟ್ಟಿರಿ, ಅದು ಸಣ್ಣ ಸಾಧನೆಯಲ್ಲ. ಸಿಟ್ಟು ಮಾತ್ರ ಬೇರೆ ದಾರಿ ಹುಡುಕಿಕೊಂಡಿದೆ.

ಇನ್ನು ಬೇಜಾರು ಅನ್ನೋ ನಮ್ಮ ಪದದ ವಿಷಯ. ಈ ಊರಿನಲ್ಲಿ ಎಲ್ಲದಕ್ಕೂ ಅದೊಂದೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಬೇಜಾರು, ಬಾಸ್ ಎಲ್ಲರೆದುರು ಅಂದರೂ ಬೇಜಾರು, ಮಾಡೋಕೆ ಕೆಲಸ ಇಲ್ಲದಿದ್ದರೂ ಬೇಜಾರು. ಅದರ ಹಿಂದೆ ಇರೋದು ಸುಸ್ತೋ, ಅವಮಾನವೋ, ಹೆದರಿಕೆಯೋ ಅಂತ ನೋಡುವುದೇ ಇಲ್ಲ. ಕನ್ನಡದಲ್ಲಿ ಸಿಟ್ಟೊಂದಕ್ಕೇ ಎಷ್ಟು ಮಾತಿದೆ: ಸಿಡುಕು, ಮುನಿಸು, ಸೆಡವು, ರೇಗು, ಕಿರಿಕಿರಿ. ಮುನಿಸಿಗೆ ಯಾರಾದರೂ ಬಂದು ಮಾತಾಡಿಸಬೇಕು. ಕಿರಿಕಿರಿಗೆ ಒಂದು ಲೋಟ ಕಾಫಿ, ಹತ್ತು ನಿಮಿಷ ಸಾಕು. ಎರಡನ್ನೂ ಬೇಜಾರು ಅಂದರೆ ಮದ್ದು ತಪ್ಪುತ್ತದೆ. ಸುಮ್ನೆ ಹೇಳುತ್ತಿಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೊಂದುವ ಪದ ಆರಿಸಲು ಹೇಳಿದರು. ಹಾಗೆ ಹೆಸರಿಟ್ಟಾಗ ಮಿದುಳಿನಲ್ಲಿ ಭಯಕ್ಕೆ ಥಟ್ಟನೆ ಎಚ್ಚರಾಗುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಯಿತು.

ನೀವು ನೇರಳೆ ಮಾರ್ಗದ ಮೆಟ್ರೋದಲ್ಲೇ ಬರುತ್ತೀರಿ ಅಂದುಕೊಳ್ಳುತ್ತೇನೆ. ಮೆಜೆಸ್ಟಿಕ್‌ನಲ್ಲಿ ನುಗ್ಗುವ ಜನ ಹೇಗಿರುತ್ತಾರೆ ಅಂತ ನಿಮಗೆ ಗೊತ್ತು. ಹೊಸಹಳ್ಳಿ ದಾಟಿದ ಮೇಲೆ ಫೋನ್ ಬ್ಯಾಗಿಗೆ ಹಾಕಿ. ವಿಜಯನಗರ ಬರುವಷ್ಟರಲ್ಲಿ ದವಡೆ ಬಿಗಿದಿದೆಯಾ, ಭುಜ ಮೇಲೆದ್ದಿದೆಯಾ ನೋಡಿಕೊಳ್ಳಿ. ಇದಕ್ಕೆ ಏನು ಹೆಸರು ಅಂತ ಕೇಳಿಕೊಳ್ಳಿ. ‘ಯಾಕೆ ನಾನು ಹೀಗೆ’ ಅಂತ ಮಾತ್ರ ಶುರು ಮಾಡಬೇಡಿ. ಆ ‘ಯಾಕೆ’ಗೆ ಮನಸ್ಸು ಕೂಡಲೇ ಒಂದು ನೆಪ ಹೊಂದಿಸಿಕೊಡುತ್ತದೆ, ಅತ್ತೆಯೋ ಮ್ಯಾನೇಜರೋ ಸಿಗುತ್ತಾರೆ.

ಯಜಮಾನರನ್ನು ಭಾನುವಾರ ತಿಂಡಿ ಆದ ಮೇಲೆ ಕೂರಿಸಿ ಕೇಳಿ: ‘ನಂಗೆ ಸಿಟ್ಟು ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ? ಒಂದು ಉದಾಹರಣೆ ಕೊಡಿ.’ ಅವರು ಹೇಳಿದ ಮೇಲೆ ‘ಹೂಂ’ ಅನ್ನಿ, ಅಷ್ಟೇ. ‘ನೀವು ಮಾತ್ರ ಕಡಿಮೆನಾ’ ಅನ್ನೋ ಮಾತು ನಾಲಿಗೆ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಅದು ಹೊರಗೆ ಬಿತ್ತೋ, ಮುಂದಿನ ಸಲ ಅವರು ಮತ್ತೆ ನಕ್ಕು ಜಾರಿಕೊಳ್ಳುತ್ತಾರೆ. ಇದೇ ಪ್ರಶ್ನೆಯನ್ನು ಮಗನಿಗೂ ಕೇಳಬಹುದು, ಸ್ವಲ್ಪ ದಿನ ಬಿಟ್ಟು. ಆದರೆ ಚಿಕ್ಕಮ್ಮ ಹೇಳಿದಳು ಅಂತ ಬಾಯಿ ತಪ್ಪಿಯೂ ಅನ್ನಬೇಡಿ. ಆ ಹುಡುಗ ತೆರೆದಿಟ್ಟಿರುವ ಬಾಗಿಲು ಸದ್ಯಕ್ಕೆ ಅದೊಂದೇ.

ಅಪ್ಪನ ನೆನಪು ಈಗಲೂ ನಿದ್ದೆ ಕೆಡಿಸುತ್ತದೆ ಅಂತಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಗೆ ಬಂದ ಕೂಡಲೇ ಹೇಳಲು ಒಂದು ಮಾತು ಅಭ್ಯಾಸ ಮಾಡಿಟ್ಟುಕೊಳ್ಳಿ: ‘ನಿಂತು ನಿಂತು ಕಾಲು ನೋಯ್ತಿದೆ ಕಣೋ, ಸಿಡಿಸಿಡಿ ಅಂತಿದೀನಿ. ನಿನ್ನ ಮೇಲಲ್ಲ. ಹತ್ತು ನಿಮಿಷ ಬಿಡು.’ ಮೊದಲ ಸಲ ಅವನು ನಿಮ್ಮ ಮುಖವನ್ನೇ ನೋಡುತ್ತಾನೆ, ನಾಟಕ ಅಂದುಕೊಳ್ಳಲೂಬಹುದು. ನಾಲ್ಕೈದು ಸಲ ಆಗಲಿ. ಗಣಿತದ ಆರು ಮಾರ್ಕ್ಸ್ ಅಲ್ಲೀತನಕ ಕಾಯುತ್ತದೆ. ಟ್ಯೂಷನ್ ಬೇಕಿದ್ದರೆ ಅದರ ಮಾತನ್ನು ಈ ಸಲ ಅವರಪ್ಪನೇ ತೆಗೆಯಲಿ.